ಮಿತ ಖರ್ಚಿನ ಕಂಪ್ಯೂಟರ್: ಯಾವ ಭಾಗವನ್ನು ಇಂದೇ ಸರಿಯಾಗಿ ಕೊಳ್ಳಬೇಕು, ಯಾವುದನ್ನು ನಾಳೆಗೆ ಬಿಡಬಹುದು

ಮನೆಗೆ ಬೇಕಾದ ಕಂಪ್ಯೂಟರನ್ನು ಬಿಡಿಭಾಗಗಳಿಂದ ಜೋಡಿಸಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಯಾವ ಪ್ರಾಸೆಸರ್ ಕೊಳ್ಳಬೇಕು ಎಂಬುದು. ಕೈಯಲ್ಲಿ ಹಣ ಧಾರಾಳವಾಗಿದ್ದರೆ ಈ ಪ್ರಶ್ನೆಯಿಂದ ಆರಂಭಿಸಿದರೂ ನಡೆಯುತ್ತದೆ. ಲೆಕ್ಕ ಹಾಕಿ ಖರ್ಚು ಮಾಡಬೇಕಾದವರು ಅದಕ್ಕೂ ಮೊದಲು ಇನ್ನೊಂದನ್ನು ಕೇಳಿಕೊಳ್ಳಬೇಕಾಗುತ್ತದೆ: ಇಂದು ಕೊಳ್ಳುವ ಭಾಗಗಳಲ್ಲಿ ಯಾವುದನ್ನು ಮುಂದೆ ಸಲೀಸಾಗಿ ಬದಲಿಸಬಹುದು ಅಥವಾ ಹೆಚ್ಚಿಸಬಹುದು, ಯಾವುದನ್ನು ಬದಲಿಸಲು ಹೊರಟರೆ ಇಡೀ ಯಂತ್ರವನ್ನೇ ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ? ಇನ್ನೊಂದು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ಸಂಗ್ರಹ ಡಿಸ್ಕ್) ಕೂರಿಸುವುದು ಅಥವಾ ಗ್ರಾಫಿಕ್ಸ್ ಕಾರ್ಡ್ ಹಾಕುವುದು ಹತ್ತು ನಿಮಿಷದ ಕೆಲಸ. ಎಲ್ಲ ಭಾಗಗಳೂ ಬಂದು ಸೇರುವ ಮದರ್‌ಬೋರ್ಡ್ ಬದಲಿಸುವುದೆಂದರೆ ಪ್ರತಿಯೊಂದು ಕೇಬಲನ್ನೂ ಕಳಚಿ, ಕೂಲರ್ ತೆಗೆದು, ಪ್ರಾಸೆಸರ್ ಎತ್ತಿ, ಮೊದಲಿನಿಂದ ಶುರುಮಾಡಿದಂತೆ. ಪವರ್ ಸಪ್ಲೈ ಕಳಪೆಯಾಗಿದ್ದರಂತೂ ಅದು ತಾನು ಕೆಡುವುದಲ್ಲದೆ ಉಳಿದ ಭಾಗಗಳನ್ನೂ ಕೆಡಿಸಬಲ್ಲದು. ಆದ್ದರಿಂದ ನನ್ನ ಮಟ್ಟಿಗೆ ಮಿತ ಖರ್ಚಿನ ಜೋಡಣೆ ಎಂದರೆ ಎಲ್ಲ ಭಾಗಗಳಲ್ಲೂ ಸಮನಾಗಿ ಹಣ ಉಳಿಸುವುದಲ್ಲ. ಮುಂದೆ ಸೇರಿಸಬಹುದಾದ ಭಾಗಗಳಲ್ಲಿ ಇಂದು ಕೈ ಬಿಗಿಹಿಡಿದು, ಬದಲಿಸಲಾಗದ ಭಾಗಗಳಿಗೆ ಆ ಹಣವನ್ನು ಕೊಡುವುದು.

ಈ ಲೆಕ್ಕ ಕೂಡಿಬರಬೇಕಾದರೆ ಕಂಪ್ಯೂಟರ್ ಯಾವ ಕೆಲಸಕ್ಕೆ ಎಂಬುದು ಮೊದಲು ಸ್ಪಷ್ಟವಾಗಿರಬೇಕು. ಬರವಣಿಗೆ, ಲೆಕ್ಕಪತ್ರ, ಬ್ರೌಸರ್, ವಿಡಿಯೊ ವೀಕ್ಷಣೆ, ಮಕ್ಕಳ ಪಾಠ ಇಷ್ಟೇ ಆದರೆ ಇಂದಿನ ಅತಿ ಸಾಧಾರಣ ನಾಲ್ಕು ಕೋರ್‌ಗಳ (ಒಳಗಿನ ಲೆಕ್ಕ ಮಾಡುವ ಘಟಕಗಳ) ಪ್ರಾಸೆಸರ್ ಕೂಡ ಬಹುಪಾಲು ಸಮಯ ಸುಮ್ಮನೆ ಕುಳಿತಿರುತ್ತದೆ; ಅಲ್ಲಿ ನಿಧಾನ ಎನ್ನಿಸುವುದು ನಡೆಯುತ್ತಿರುವ ಕೆಲಸವನ್ನು ಹಿಡಿದಿಡುವ ಮೆಮೊರಿಯಾದ ರ‍್ಯಾಮ್ ಸಾಲದಿದ್ದಾಗ ಅಥವಾ ಡಿಸ್ಕ್ ನಿಧಾನವಾಗಿದ್ದಾಗ. ವಿಡಿಯೊ ಸಂಕಲನ ಮಾಡುವವರಿಗೆ ಕೋರ್‌ಗಳ ಸಂಖ್ಯೆ ಮತ್ತು ರ‍್ಯಾಮ್ ಎರಡೂ ಬೇಕು. ಆಟಗಳನ್ನು ಆಡುವವರಿಗೆ ಗ್ರಾಫಿಕ್ಸ್ ಕಾರ್ಡ್ ಮುಖ್ಯವಾಗಿ, ಪ್ರಾಸೆಸರ್ ಅದರ ಹಿಂದೆ ಬರುತ್ತದೆ. ಮುಂದೊಂದು ದಿನ ಬೇಕಾಗಬಹುದು ಎಂಬ ಊಹೆಯ ಮೇಲೆ ಎಂಟು ಕೋರ್‌ಗಳ ಪ್ರಾಸೆಸರ್ ಕೊಂಡು, ಅದೇ ಹಣದ ಕೊರತೆಯಿಂದ 8 ಜಿಬಿ ರ‍್ಯಾಮ್‌ಗೆ ಇಳಿದವರ ಯಂತ್ರ, ನಾಲ್ಕು ಕೋರ್‌ಗಳ ಜೊತೆ 16 ಜಿಬಿ ಇರುವ ಯಂತ್ರಕ್ಕಿಂತ ದಿನನಿತ್ಯದ ಕೆಲಸದಲ್ಲಿ ಹಿಂದೆ ಬೀಳುತ್ತದೆ.

ಪ್ರಾಸೆಸರ್‌ನ ಹೆಸರಿನ ಕೊನೆಯಲ್ಲಿ ಬರುವ ಒಂದು ಅಕ್ಷರವನ್ನು ಓದಲು ಕಲಿತರೆ ದೊಡ್ಡ ತಪ್ಪೊಂದು ತಪ್ಪುತ್ತದೆ. ಇಂಟೆಲ್‌ನ ಕೋರ್ ಐ3-12100 ಮತ್ತು ಐ3-12100ಎಫ್ ಎರಡರಲ್ಲೂ ನಾಲ್ಕು ಕೋರ್, ಎಂಟು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆಗಳು) ಇವೆ; ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ಎಫ್ ಎಂಬ ಅಕ್ಷರವಿರುವ ಪ್ರಾಸೆಸರ್‌ನಲ್ಲಿ ಚಿತ್ರ ಮೂಡಿಸುವ ಅಂತರ್ಗತ ಗ್ರಾಫಿಕ್ಸ್ ಇರುವುದಿಲ್ಲ. ಅಂದರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಆ ಯಂತ್ರದ ಪರದೆಯಲ್ಲಿ ಏನೂ ಕಾಣುವುದಿಲ್ಲ. ಇನ್ನೊಂದು ಪ್ರಾಸೆಸರ್ ಕಂಪನಿಯಾದ ಎಎಂಡಿಯ ಹಳೆಯ ಎಎಂ4 ಸಾಕೆಟ್‌ನ (ಸಾಕೆಟ್ ಎಂದರೆ ಬೋರ್ಡಿನಲ್ಲಿ ಪ್ರಾಸೆಸರ್ ಕೂರುವ ಜಾಗ) ರೈಝೆನ್ 5000 ಸರಣಿಯಲ್ಲಿ ಲೆಕ್ಕ ತಿರುವುಮುರುವು: ಅಲ್ಲಿ ಜಿ ಅಕ್ಷರವಿದ್ದರೆ ಮಾತ್ರ ಅಂತರ್ಗತ ಗ್ರಾಫಿಕ್ಸ್ ಉಂಟು, ಇಲ್ಲದಿದ್ದರೆ ಇಲ್ಲ. ಹೀಗಾಗಿ ರೈಝೆನ್ 5 5600ಜಿ ಒಂಟಿಯಾಗಿ ನಡೆಯುತ್ತದೆ, ರೈಝೆನ್ 5 5600ಕ್ಕೆ ಕಾರ್ಡ್ ಬೇಕೇ ಬೇಕು. 2022ರಲ್ಲಿ ಬಂದ ಎಎಂ5 ಸಾಕೆಟ್‌ನ ರೈಝೆನ್ 7000 ಸರಣಿಯಲ್ಲಿ ಬಹುತೇಕ ಎಲ್ಲದರಲ್ಲೂ ಪರದೆ ನಡೆಸಲು ಸಾಕಾಗುವಷ್ಟು ಸಣ್ಣ ಗ್ರಾಫಿಕ್ಸ್ ಇದೆ, 7500ಎಫ್‌ನಂಥ ಎಫ್ ಮಾದರಿಗಳನ್ನು ಬಿಟ್ಟು. ಎಫ್ ಮಾದರಿ ಸ್ವಲ್ಪ ಅಗ್ಗವಾಗಿರುತ್ತದೆಂದು ಕೊಳ್ಳುವವರಿಗೆ ನಾನು ಹೇಳುವುದಿಷ್ಟು: ಕಾರ್ಡನ್ನು ಅದೇ ದಿನ ಕೊಳ್ಳುತ್ತಿದ್ದರೆ ಮಾತ್ರ ಅದು ಉಳಿತಾಯ. ಕಾರ್ಡ್ ಇದ್ದಾಗಲೂ ಅಂತರ್ಗತ ಗ್ರಾಫಿಕ್ಸ್‌ಗೆ ಒಂದು ಬೆಲೆಯಿದೆ. ಮುಂದೆ ಎಂದಾದರೂ ಕಾರ್ಡ್ ಕೆಟ್ಟರೆ ಅದು ದುರಸ್ತಿಯಾಗಿ ಬರುವವರೆಗೆ ಯಂತ್ರ ನಿಲ್ಲುವುದಿಲ್ಲ, ಮತ್ತು ತೊಂದರೆ ಕಾರ್ಡಿನದೋ ಬೇರೆಯದೋ ಎಂದು ತಿಳಿಯಲು ಒಂದು ದಾರಿ ಇರುತ್ತದೆ.

ಅಂತರ್ಗತ ಗ್ರಾಫಿಕ್ಸ್ ಆರಿಸಿಕೊಂಡವರಿಗೆ ರ‍್ಯಾಮ್ ವಿಷಯದಲ್ಲಿ ಒಂದು ಲೆಕ್ಕ ತಿಳಿದಿರಬೇಕು, ಏಕೆಂದರೆ ಕಡಿಮೆ ಖರ್ಚಿನ ಯಂತ್ರಗಳು ಅತಿ ಹೆಚ್ಚು ನಷ್ಟ ಅನುಭವಿಸುವುದು ಇಲ್ಲಿಯೇ. ಡಿಡಿಆರ್4-3200 ಎಂದು ಬರೆದಿರುವ ಒಂದು ರ‍್ಯಾಮ್ ಪಟ್ಟಿ ಸೆಕೆಂಡಿಗೆ 320 ಕೋಟಿ ಬಾರಿ, ಪ್ರತಿ ಬಾರಿ 8 ಬೈಟ್‌ನಂತೆ ದತ್ತಾಂಶ ಸಾಗಿಸಬಲ್ಲದು. ಗುಣಿಸಿದರೆ ಸೆಕೆಂಡಿಗೆ 25.6 ಜಿಬಿ. ಅಂಥ ಎರಡು ಪಟ್ಟಿಗಳನ್ನು ಮದರ್‌ಬೋರ್ಡಿನ ಎರಡು ಬೇರೆ ಬೇರೆ ಚಾನೆಲ್‌ಗಳಲ್ಲಿ, ಅಂದರೆ ಪ್ರಾಸೆಸರ್‌ಗೆ ಹೋಗುವ ದಾರಿಗಳಲ್ಲಿ, ಕೂರಿಸಿದರೆ ಪ್ರಾಸೆಸರ್ ಎರಡರಿಂದಲೂ ಏಕಕಾಲಕ್ಕೆ ಓದುತ್ತದೆ, ಆಗ ಅದು 51.2 ಜಿಬಿ ಆಗುತ್ತದೆ. ಸಾಧಾರಣ ಗ್ರಾಫಿಕ್ಸ್ ಕಾರ್ಡೊಂದರಲ್ಲಿ, ಉದಾಹರಣೆಗೆ 2021ರ ರೇಡಿಯಾನ್ ಆರ್‌ಎಕ್ಸ್ 6600ರಲ್ಲಿ, ಕಾರ್ಡಿನದೇ ಆದ ಮೆಮೊರಿಯ ವೇಗ ಸೆಕೆಂಡಿಗೆ 224 ಜಿಬಿ. ಅಂತರ್ಗತ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ. ಅದು ಪ್ರಾಸೆಸರ್‌ನೊಂದಿಗೆ ಅದೇ 51.2 ಜಿಬಿಯನ್ನು ಹಂಚಿಕೊಂಡು ಬಾಳಬೇಕು. ಹೀಗಿರುವಾಗ ಒಂದೇ ಪಟ್ಟಿ ಹಾಕಿ ಅದನ್ನೂ ಅರ್ಧಕ್ಕಿಳಿಸಿದರೆ ಗ್ರಾಫಿಕ್ಸ್ ಹಸಿದು ಕೂರುತ್ತದೆ. ಒಮ್ಮೆ ಪರಿಚಿತರೊಬ್ಬರ 5600ಜಿ ಯಂತ್ರವನ್ನು ನೋಡಿದ್ದೆ. ಹಗುರವಾದ ಆಟ ಕೂಡ ತಡವರಿಸುತ್ತಿತ್ತು, ಅವರು ಪ್ರಾಸೆಸರೇ ಸರಿಯಿಲ್ಲವೆಂದು ನಂಬಿದ್ದರು. ಒಳಗೆ ಇದ್ದದ್ದು ಒಂಟಿ 8 ಜಿಬಿ ಪಟ್ಟಿ. ಅದರ ಜೋಡಿಯನ್ನು ತಂದು ಹಾಕಿದ ಮೇಲೆ ಅದೇ ಆಟ ಸರಾಗವಾಗಿ ಓಡಿತು, ಪ್ರಾಸೆಸರ್ ಮುಟ್ಟಲೂ ಬೇಕಾಗಲಿಲ್ಲ.

ಆದ್ದರಿಂದ 16 ಜಿಬಿ ಬೇಕಿದ್ದರೆ 16ರ ಒಂದು ಪಟ್ಟಿಗಿಂತ 8ರ ಎರಡು ಪಟ್ಟಿಗಳು ಮೇಲು. ಮುಂದೆ ಇನ್ನೊಂದು 16 ಸೇರಿಸಿ 32 ಮಾಡುತ್ತೇನೆ ಎನ್ನುವವರ ವಾದದಲ್ಲಿ ಹುರುಳಿದೆ, ಆದರೆ ಅದು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವವರಿಗೆ ಮಾತ್ರ ಸಲ್ಲುತ್ತದೆ. ಅಂತರ್ಗತ ಗ್ರಾಫಿಕ್ಸ್ ನೆಚ್ಚಿಕೊಂಡವರು ಮೊದಲ ದಿನದಿಂದಲೇ ಜೋಡಿ ಹಾಕುವುದು ಒಳ್ಳೆಯದು. ಡಿಡಿಆರ್4ರ ಮುಂದಿನ ತಲೆಮಾರಾದ ಡಿಡಿಆರ್5ರಲ್ಲಿ ಇನ್ನೂ ಒಂದು ಎಚ್ಚರ ಬೇಕು. ಅಲ್ಲಿ ನಾಲ್ಕು ಸ್ಲಾಟ್‌ಗಳನ್ನೂ ತುಂಬಿದರೆ ಮೆಮೊರಿ ಓಡಬಲ್ಲ ವೇಗ ಗಣನೀಯವಾಗಿ ಇಳಿಯುತ್ತದೆ. ರೈಝೆನ್ 7000 ಸರಣಿಗೆ ಎರಡು ಪಟ್ಟಿಗಳಿದ್ದಾಗ ಅಧಿಕೃತ ವೇಗ 5200 ಆದರೆ, ನಾಲ್ಕಿದ್ದಾಗ 3600ಕ್ಕೆ ಬರುತ್ತದೆ. ಇವತ್ತು ಎರಡು, ಮುಂದೆ ಮತ್ತೆರಡು ಎಂಬ ಯೋಜನೆ ಡಿಡಿಆರ್4ರಲ್ಲಿ ನಡೆಯುವಷ್ಟು ಸುಲಭವಾಗಿ ಇಲ್ಲಿ ನಡೆಯುವುದಿಲ್ಲ. ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಪಿನ್‌ಗಳೇ ಆದರೂ ಪಟ್ಟಿಯ ಕೆಳಗಿನ ಕಚ್ಚಿನ ಜಾಗ ಬೇರೆ. ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರದು. 2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ಮೆಮೊರಿ ಬೆಲೆ ತೀವ್ರವಾಗಿ ಏರಿದ್ದನ್ನು ಕಂಡವರಿಗೆ ಇನ್ನೊಂದು ಮಾತೂ ತಿಳಿದಿರುತ್ತದೆ: ಮುಂದೆ ಅಗ್ಗವಾದಾಗ ಕೊಳ್ಳೋಣ ಎಂದು ರ‍್ಯಾಮ್ ಕೊಳ್ಳುವುದನ್ನು ಮುಂದೂಡುವುದು ಯಾವಾಗಲೂ ಫಲಿಸುವ ಲೆಕ್ಕವಲ್ಲ. ಕೈಯಲ್ಲಿ ಈಗಾಗಲೇ ಒಳ್ಳೆಯ ಡಿಡಿಆರ್4 ಪಟ್ಟಿಗಳಿದ್ದರೆ ಅವನ್ನು ಬಳಸಿಕೊಳ್ಳಬಲ್ಲ ಪ್ರಾಸೆಸರ್ ಮತ್ತು ಬೋರ್ಡನ್ನು ಹುಡುಕುವುದೇ ಜಾಣತನ.

ಇಲ್ಲಿಂದ ಸಾಕೆಟ್‌ನ ಪ್ರಶ್ನೆ ಏಳುತ್ತದೆ. 2017ರಲ್ಲಿ ಮೊದಲ ರೈಝೆನ್‌ಗಳೊಂದಿಗೆ ಜನಬಳಕೆಗೆ ಬಂದ ಎಎಂ4 ಬಹುಕಾಲ ಬಾಳಿದ ಸಾಕೆಟ್. ಡಿಡಿಆರ್4 ಬಳಸುತ್ತದೆ, ಭಾಗಗಳು ಹೊಸದಾಗಿಯೂ ಬಳಸಿದವಾಗಿಯೂ ಹೇರಳವಾಗಿ ಸಿಗುತ್ತವೆ. ಆದರೆ ಅದರ ಹಾದಿ ಮುಗಿದಿದೆ; ಮುಂದೆ ಅದಕ್ಕೆ ಹೊಸ ತಲೆಮಾರಿನ ಪ್ರಾಸೆಸರ್ ಬರುವುದಿಲ್ಲ. ಇಂಟೆಲ್‌ನ ಎಲ್‌ಜಿಎ1700, 12ರಿಂದ 14ನೇ ತಲೆಮಾರಿನವರೆಗೆ ನಡೆದು ನಿಂತಿತು. ಅದರ ವಿಶೇಷವೆಂದರೆ ಬೋರ್ಡನ್ನು ಅವಲಂಬಿಸಿ ಡಿಡಿಆರ್4 ಅಥವಾ ಡಿಡಿಆರ್5 ಎರಡರಲ್ಲಿ ಒಂದನ್ನು ಬಳಸಬಹುದು. ಎಎಂ5 ಡಿಡಿಆರ್5 ಒಂದನ್ನೇ ಒಪ್ಪುತ್ತದೆ, ಬೋರ್ಡ್‌ಗಳ ಬೆಲೆಯೂ ಮೇಲೆಯೇ, ಆದರೆ ಮೂರು ನಾಲ್ಕು ವರ್ಷಗಳ ನಂತರ ಅದೇ ಬೋರ್ಡಿನಲ್ಲಿ ಹೊಸ ಪ್ರಾಸೆಸರ್ ಕೂರಿಸುವ ಅವಕಾಶ ಉಳಿಯುತ್ತದೆ. ಬಿಡಿಭಾಗ ಬದಲಿಸುತ್ತಾ ಯಂತ್ರವನ್ನು ಬೆಳೆಸುವ ಹವ್ಯಾಸವಿರುವವರಿಗೆ ಎಎಂ5 ತಕ್ಕದ್ದು. ಒಮ್ಮೆ ಜೋಡಿಸಿ ಆರೇಳು ವರ್ಷ ಮುಟ್ಟದೆ ಬಳಸುವವರಿಗೆ ಆ ಅವಕಾಶಕ್ಕೆ ಕೊಡುವ ಹೆಚ್ಚಿನ ಹಣ ಎಂದೂ ಮರಳಿ ಬರದು; ಅಂಥವರಿಗೆ ಎಎಂ4 ಅಥವಾ ಎಲ್‌ಜಿಎ1700ನ್ನು ಯಾವ ಹಿಂಜರಿಕೆಯೂ ಇಲ್ಲದೆ ಸೂಚಿಸುತ್ತೇನೆ. ಹೆಚ್ಚಿನ ಮನೆಗಳಲ್ಲಿ ಕಂಪ್ಯೂಟರ್ ಎರಡನೆಯ ಬಗೆಯಲ್ಲೇ ಬಳಕೆಯಾಗುತ್ತದೆ.

ಮದರ್‌ಬೋರ್ಡಿನಲ್ಲಿ ಹಣ ಉಳಿಸಬಹುದು, ಆದರೆ ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂಬುದು ತಿಳಿದಿರಬೇಕು. ಎಚ್610 ಚಿಪ್‌ಸೆಟ್‌ನ (ಬೋರ್ಡಿನ ಸೌಲಭ್ಯಗಳನ್ನು ನಿರ್ಧರಿಸುವ ಚಿಪ್) ಬೋರ್ಡುಗಳಲ್ಲಿ ರ‍್ಯಾಮ್‌ಗೆ ಎರಡೇ ಸ್ಲಾಟ್‌ಗಳಿರುತ್ತವೆ, ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಬಹುತೇಕ ಒಂದೇ. ಎ520ರಲ್ಲಿ ಕಾರ್ಡ್ ಮತ್ತು ಎಸ್‌ಎಸ್‌ಡಿಗಳು ಮಾತನಾಡುವ ಪಿಸಿಐಇ ಸಂಪರ್ಕದ ಹಳೆಯ 3.0 ಆವೃತ್ತಿ ಮಾತ್ರ. ಬಿ550, ಬಿ760ಗಳಲ್ಲಿ ಸ್ಲಾಟ್‌ಗಳು ಹೆಚ್ಚು, ಪ್ರಾಸೆಸರ್‌ಗೆ ವಿದ್ಯುತ್ ಹದಗೊಳಿಸಿ ಕೊಡುವ ವಿಆರ್‌ಎಂ ಭಾಗವೂ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. 65 ವ್ಯಾಟ್‌ನ ಆರು ಕೋರ್ ಪ್ರಾಸೆಸರ್‌ಗೆ ಸಾಧಾರಣ ವಿಆರ್‌ಎಂ ಸಾಕು. ಆದರೆ ಅದೇ ಬೋರ್ಡಿಗೆ ಮುಂದೆ ಹನ್ನೆರಡು ಕೋರ್‌ನದನ್ನು ಹಾಕುವ ಆಸೆ ಇದ್ದರೆ ಸಾಲದು. ಹೆಚ್ಚು ವಿದ್ಯುತ್ ಎಳೆಯುವ ಪ್ರಾಸೆಸರ್ ಕೂರಿಸಿದಾಗ ಶಾಖ ಇಳಿಸುವ ಲೋಹದ ಹೊದಿಕೆಯಿಲ್ಲದ ವಿಆರ್‌ಎಂ ಬಿಸಿಯೇರಿ, ಪ್ರಾಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಬೋರ್ಡಿನ ಅಳತೆಯೂ ನೆನಪಿರಲಿ: ಎಟಿಎಕ್ಸ್ 305×244 ಮಿಲಿಮೀಟರ್, ಮೈಕ್ರೊ ಎಟಿಎಕ್ಸ್ 244×244. ಅಗ್ಗದ ಜೋಡಣೆಗೆ ಮೈಕ್ರೊ ಎಟಿಎಕ್ಸ್ ಸರಿಯಾದ ಆಯ್ಕೆ. 170×170ರ ಮಿನಿ ಐಟಿಎಕ್ಸ್ ಚಿಕ್ಕದಾಗಿ ಚೆಂದ ಕಂಡರೂ ಅದಕ್ಕೆ ತಕ್ಕ ಉಳಿದ ಭಾಗಗಳೆಲ್ಲ ದುಬಾರಿ.

ಬೋರ್ಡಿನೊಳಗಿದ್ದು ಯಂತ್ರವನ್ನು ಚಾಲೂ ಮಾಡುವ ತಂತ್ರಾಂಶವಾದ ಬಯೋಸ್‌ನ ವಿಷಯದಲ್ಲಿ ಹೊಸಬರು ಎಡವುತ್ತಾರೆ. ಸಾಕೆಟ್ ಒಂದೇ ಆಗಿದ್ದರೂ ಬೋರ್ಡ್ ತಯಾರಾದ ನಂತರ ಬಂದ ಪ್ರಾಸೆಸರನ್ನು ಅದರ ಹಳೆಯ ಬಯೋಸ್ ಗುರುತಿಸುವುದಿಲ್ಲ. ಬಿ450 ಬೋರ್ಡಿಗೆ ರೈಝೆನ್ 5000, ಬಿ660 ಬೋರ್ಡಿಗೆ 13ನೇ ತಲೆಮಾರಿನ ಪ್ರಾಸೆಸರ್ ಹಾಕಿ ಗುಂಡಿ ಒತ್ತಿದಾಗ ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿಯೇ ಉಳಿದರೆ, ಭಾಗ ಕೆಟ್ಟಿದೆ ಎನ್ನುವ ಮೊದಲು ಇದನ್ನು ಅನುಮಾನಿಸಬೇಕು. ಕೆಲವು ಬೋರ್ಡುಗಳ ಹಿಂಬದಿಯಲ್ಲಿ, ಪ್ರಾಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯೋಸ್ ನವೀಕರಿಸುವ ಗುಂಡಿ ಇರುತ್ತದೆ; ಎರಡು ಬೋರ್ಡುಗಳ ನಡುವೆ ಆಯ್ಕೆ ಮಾಡುವಾಗ ಈ ಗುಂಡಿ ಇರುವುದನ್ನು ನಾನು ಆರಿಸುತ್ತೇನೆ.

ಇನ್ನು ಪವರ್ ಸಪ್ಲೈ. ಹಣ ಸಾಲದಾದಾಗ ಎಲ್ಲರೂ ಮೊದಲು ಕತ್ತರಿ ಹಾಕುವ ಭಾಗ ಇದು, ಏಕೆಂದರೆ ಇದರಿಂದ ಯಂತ್ರದ ವೇಗ ಒಂದಿಷ್ಟೂ ಹೆಚ್ಚುವುದಿಲ್ಲ. ಆದರೆ ಒಳಗಿನ ಪ್ರತಿಯೊಂದು ಭಾಗವೂ ಇದರ ಕೈಯಿಂದಲೇ ಉಣ್ಣುತ್ತದೆ. ಪೆಟ್ಟಿಗೆಯ ಮುಂಭಾಗದ ದೊಡ್ಡ ಸಂಖ್ಯೆಯನ್ನು ಬಿಟ್ಟು ಪಕ್ಕಕ್ಕೆ ಅಂಟಿಸಿರುವ ಪಟ್ಟಿಯನ್ನು ಓದುವುದನ್ನು ರೂಢಿ ಮಾಡಿಕೊಳ್ಳಬೇಕು. ಅದರಲ್ಲಿ 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್ ಎಂದು ಸಾಲುಗಳಿರುತ್ತವೆ, ಪ್ರತಿಯೊಂದರ ಕೆಳಗೆ ಆಂಪಿಯರ್ ಲೆಕ್ಕ. ಇಂದಿನ ಪ್ರಾಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚು ಕಡಿಮೆ ಪೂರ್ತಿಯಾಗಿ 12 ವೋಲ್ಟ್‌ನಿಂದಲೇ ವಿದ್ಯುತ್ ಪಡೆಯುತ್ತವೆ. ಮುಂಭಾಗದಲ್ಲಿ 500 ವ್ಯಾಟ್ ಎಂದು ಬರೆದು, ಪಟ್ಟಿಯ 12 ವೋಲ್ಟ್ ಸಾಲಿನಲ್ಲಿ 25 ಆಂಪಿಯರ್ ಎಂದಿದ್ದರೆ, 12ನ್ನು 25ರಿಂದ ಗುಣಿಸಿ ನೋಡಿ: ನಮಗೆ ಬೇಕಾದ ಜಾಗದಲ್ಲಿ ಸಿಗುವುದು 300 ವ್ಯಾಟ್. ಉಳಿದ ಸಂಖ್ಯೆ ನಮಗೆ ಉಪಯೋಗವಿಲ್ಲದ ಸಾಲುಗಳಲ್ಲಿದೆ, ಅಥವಾ ಬರೀ ಮುದ್ರಣದಲ್ಲಿದೆ. ಒಳ್ಳೆಯ 450 ವ್ಯಾಟ್‌ನ ಸಪ್ಲೈನಲ್ಲಿ 12 ವೋಲ್ಟ್ ಸಾಲು 36, 37 ಆಂಪಿಯರ್‌ನಷ್ಟಿರುತ್ತದೆ, ಅಂದರೆ ಮುಂಭಾಗದ ಸಂಖ್ಯೆಗೂ ಪಟ್ಟಿಗೂ ಹೊಂದಾಣಿಕೆ ಇರುತ್ತದೆ.

80 ಪ್ಲಸ್ ಎಂಬ ಮುದ್ರೆ 2004ರಲ್ಲಿ ಆರಂಭವಾದ ದಕ್ಷತೆಯ ಪ್ರಮಾಣಪತ್ರ. ಅದರ ಮೂಲ ಹಂತಕ್ಕೆ 20, 50 ಮತ್ತು 100 ಶೇಕಡಾ ಹೊರೆಯಲ್ಲಿ ಕನಿಷ್ಠ 80 ಶೇಕಡಾ ದಕ್ಷತೆ ಬೇಕು. ಒಳಗಿನ ಭಾಗಗಳು 200 ವ್ಯಾಟ್ ಎಳೆಯುತ್ತಿರುವಾಗ ಸಪ್ಲೈನ ದಕ್ಷತೆ 85 ಶೇಕಡಾ ಇದ್ದರೆ ಗೋಡೆಯಿಂದ ಸುಮಾರು 235 ವ್ಯಾಟ್ ಬರುತ್ತದೆ, ಮಿಕ್ಕ 35 ಶಾಖವಾಗಿ ಹೋಗುತ್ತದೆ. ಈ ಮುದ್ರೆ ಅಷ್ಟನ್ನು ಮಾತ್ರ ಹೇಳುತ್ತದೆ. ಸಪ್ಲೈ ಎಷ್ಟು ಕಾಲ ಬಾಳುತ್ತದೆ, ವೋಲ್ಟೇಜ್ ಏರಿದಾಗ ಅಥವಾ ಶಾರ್ಟ್ ಆದಾಗ ತನ್ನನ್ನು ತಾನು ಆರಿಸಿಕೊಳ್ಳುತ್ತದೆಯೇ ಎಂಬುದನ್ನು ಹೇಳುವುದಿಲ್ಲ. ಅದಕ್ಕಾಗಿ ಅತಿ ವೋಲ್ಟೇಜ್, ಅತಿ ಹೊರೆ, ಶಾರ್ಟ್ ಸರ್ಕ್ಯೂಟ್ ಈ ಮೂರರ ರಕ್ಷಣೆಯ ಉಲ್ಲೇಖವನ್ನೂ ವಾರಂಟಿಯ ವರ್ಷಗಳನ್ನೂ ನೋಡಬೇಕು. ಐದು ವರ್ಷ ವಾರಂಟಿ ಕೊಡುವ ತಯಾರಕರು ತಮ್ಮ ಸರಕನ್ನು ನಂಬಿಯೇ ಕೊಟ್ಟಿರುತ್ತಾರೆ. ಕ್ಯಾಬಿನೆಟ್ ಜೊತೆಗೆ ಉಚಿತವಾಗಿ ಬರುವ ಹೆಸರಿಲ್ಲದ ಸಪ್ಲೈಯನ್ನು ಬಳಸಬೇಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಕಾರ್ಡ್ ಇಲ್ಲದ ಯಂತ್ರ ಪೂರ್ಣ ಹೊರೆಯಲ್ಲೂ ಸಾಮಾನ್ಯವಾಗಿ 150 ವ್ಯಾಟ್ ದಾಟುವುದಿಲ್ಲ. ಆದರೂ ಮುಂದೆ ಕಾರ್ಡ್ ಸೇರಿಸುವ ಆಲೋಚನೆ ಇದ್ದರೆ ಮೊದಲ ದಿನವೇ 450 ಅಥವಾ 550 ವ್ಯಾಟ್‌ನ ಒಳ್ಳೆಯ ಸಪ್ಲೈ ಕೊಂಡುಬಿಡುವುದು ಲೇಸು. ಕೇಬಲ್ ಕಳಚಿ ಜೋಡಿಸಬಹುದಾದ ಸಪ್ಲೈ ಕೊಂಡವರು ಒಂದನ್ನು ಮರೆಯಬಾರದು: ಒಂದು ಕಂಪನಿಯ ಕೇಬಲನ್ನು ಇನ್ನೊಂದರ ಸಪ್ಲೈಗೆ ಸಿಕ್ಕಿಸಬಾರದು. ಕಿಂಡಿಗೆ ಸರಿಯಾಗಿ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆಯಿರಬಹುದು. 5 ವೋಲ್ಟ್ ಬರಬೇಕಾದಲ್ಲಿ 12 ವೋಲ್ಟ್ ಹರಿದರೆ ಡಿಸ್ಕ್ ಆ ಕ್ಷಣವೇ ಸುಟ್ಟುಹೋಗುತ್ತದೆ.

ಸಂಗ್ರಹದ ವಿಷಯ ಇಷ್ಟು ಜಟಿಲವಲ್ಲ. ಆಪರೇಟಿಂಗ್ ಸಿಸ್ಟಮ್ ಇರುವುದು ಎಸ್‌ಎಸ್‌ಡಿಯ ಮೇಲೆಯೇ ಆಗಿರಬೇಕು. ನಿಮಿಷಕ್ಕೆ 7200 ಬಾರಿ ತಿರುಗುವ ಹಾರ್ಡ್‌ಡಿಸ್ಕ್‌ನ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಬೇಕಾದ ದತ್ತಾಂಶ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡಿಗೂ ಹೆಚ್ಚು, ಅದಕ್ಕೆ ತಲೆ ಸರಿಯಾದ ಜಾಡಿಗೆ ಚಲಿಸುವ ಸಮಯವೂ ಕೂಡುತ್ತದೆ. ಕಂಪ್ಯೂಟರ್ ಆರಂಭವಾಗುವಾಗ ಇಂಥ ಸಾವಿರಾರು ಸಣ್ಣ ಓದುಗಳು ನಡೆಯುತ್ತವೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲದ್ದರಿಂದ ಅದೇ ಓದು ಮಿಲಿಸೆಕೆಂಡಿನ ಹತ್ತರಲ್ಲೊಂದು ಭಾಗದಷ್ಟರಲ್ಲಿ ಮುಗಿಯುತ್ತದೆ. ಹಾರ್ಡ್‌ಡಿಸ್ಕ್‌ನಿಂದ ಯಾವುದೇ ಎಸ್‌ಎಸ್‌ಡಿಗೆ ಬರುವುದು ಕಣ್ಣಿಗೆ ರಾಚುವ ಬದಲಾವಣೆ. ಸೆಕೆಂಡಿಗೆ 550 ಎಂಬಿ ಓದುವ ಸಾಟಾ ಎಸ್‌ಎಸ್‌ಡಿಯಿಂದ 3500 ಎಂಬಿಯ, ಪಿಸಿಐಇ ಮೂಲಕ ಸಾಗುವ ಎನ್‌ವಿಎಂಇ ಎಸ್‌ಎಸ್‌ಡಿಗೆ ಬಂದರೆ, ದೊಡ್ಡ ಕಡತಗಳನ್ನು ನಕಲು ಮಾಡುವಾಗಲಷ್ಟೇ ವ್ಯತ್ಯಾಸ ಕಾಣುತ್ತದೆ. ಬೆಲೆ ಈಗ ಹೆಚ್ಚು ಕಡಿಮೆ ಸಮವಾಗಿರುವುದರಿಂದ ಎನ್‌ವಿಎಂಇ ಕೊಳ್ಳುವುದೇ ಸರಿ. ಆದರೆ 7000 ಎಂಬಿಯ ಮಾದರಿಗಾಗಿ ಹೆಚ್ಚು ತೆರುವ ಬದಲು ಅದೇ ಹಣಕ್ಕೆ ಸಿಗುವ ದೊಡ್ಡ ಗಾತ್ರದ ಸಾಧಾರಣ ಮಾದರಿ ಮೇಲು. ಎಂ.2 ಎಂಬುದು ಆಕಾರದ ಹೆಸರು, ವೇಗದ್ದಲ್ಲ. ಆ ಆಕಾರದಲ್ಲಿ ಸಾಟಾ ಎಸ್‌ಎಸ್‌ಡಿಯೂ ಬರುತ್ತದೆ, ಎನ್‌ವಿಎಂಇ ಮಾತ್ರ ಒಪ್ಪುವ ಸ್ಲಾಟ್‌ನಲ್ಲಿ ಅದು ಕೆಲಸ ಮಾಡುವುದಿಲ್ಲ. ಎಸ್‌ಎಸ್‌ಡಿಯೊಳಗಿನ ಮೆಮೊರಿಯ ಟಿಎಲ್‌ಸಿ ಮತ್ತು ಕ್ಯೂಎಲ್‌ಸಿ ಎಂಬ ಎರಡು ಬಗೆಗಳಲ್ಲಿ, ಸಿಸ್ಟಮ್ ಇರುವ ಡಿಸ್ಕಿಗೆ ಟಿಎಲ್‌ಸಿ ಆರಿಸಿಕೊಳ್ಳಿ. ಕ್ಯೂಎಲ್‌ಸಿಯಲ್ಲಿ ದೊಡ್ಡ ಕಡತ ಬರೆಯುತ್ತಾ ಹೋದಂತೆ ವೇಗ ಬಹಳ ಕುಸಿಯುತ್ತದೆ.

ಗ್ರಾಫಿಕ್ಸ್ ಕಾರ್ಡ್ ಆರಿಸುವಾಗ ಅದು ಕೂರುವ ಬೋರ್ಡನ್ನೂ ಪ್ರಾಸೆಸರನ್ನೂ ಜೊತೆಗಿಟ್ಟು ನೋಡಬೇಕೆಂಬುದಕ್ಕೆ 2022ರಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ಒಳ್ಳೆಯ ನಿದರ್ಶನ. ಈ ಕಾರ್ಡ್ ಬೋರ್ಡಿನೊಂದಿಗೆ ನಾಲ್ಕೇ ಪಿಸಿಐಇ ಲೇನ್‌ಗಳಲ್ಲಿ ಮಾತನಾಡುತ್ತದೆ. ಪಿಸಿಐಇ 4.0ರಲ್ಲಿ ಒಂದು ಲೇನ್ ಸೆಕೆಂಡಿಗೆ ಸುಮಾರು 2 ಜಿಬಿ ಸಾಗಿಸುತ್ತದೆ, 3.0ರಲ್ಲಿ ಸುಮಾರು 1. ಕಾರ್ಡಿನಲ್ಲಿ 4 ಜಿಬಿ ಮೆಮೊರಿ ಮಾತ್ರ ಇರುವುದರಿಂದ ಅದು ತುಂಬಿದಾಗಲೆಲ್ಲ ರ‍್ಯಾಮ್‌ನಿಂದ ತರಿಸಿಕೊಳ್ಳಬೇಕು; ಆಗ ದಾರಿ 8 ಜಿಬಿಯದೋ 4 ಜಿಬಿಯದೋ ಎಂಬುದು ಆಟದ ಸರಾಗತೆಯನ್ನೇ ನಿರ್ಧರಿಸುತ್ತದೆ. ಎ520 ಬೋರ್ಡಿನಲ್ಲಿ ದಾರಿ ಅರ್ಧವಾಗುತ್ತದೆ. ಬಿ550 ಬೋರ್ಡ್ ಇದ್ದೂ ಪ್ರಾಸೆಸರ್ 5600ಜಿ ಅಥವಾ 5500 ಆಗಿದ್ದರೆ ಆಗಲೂ ಅರ್ಧವೇ, ಏಕೆಂದರೆ ಆ ಎರಡೂ ಪಿಸಿಐಇ 3.0ರವರೆಗೆ ಮಾತ್ರ ಹೋಗುತ್ತವೆ. ಮೂರು ಭಾಗಗಳನ್ನೂ ಬಿಡಿಬಿಡಿಯಾಗಿ ನೋಡಿದರೆ ಯಾವುದರಲ್ಲೂ ತಪ್ಪಿಲ್ಲ. ಒಟ್ಟಿಗೆ ಕೂರಿಸಿದಾಗಷ್ಟೇ ತಪ್ಪು ಹೊರಬೀಳುತ್ತದೆ. ಇದೇ ಕಾರಣಕ್ಕೆ 5600ಜಿ ಕೊಂಡು ಮುಂದೆ ಕಾರ್ಡ್ ಹಾಕುವ ಯೋಜನೆಗಿಂತ, ಆಟಗಳೇ ಗುರಿಯಾಗಿದ್ದರೆ ನೇರವಾಗಿ 5600 ಮತ್ತು ಕಾರ್ಡ್ ಕೊಳ್ಳುವುದು ಒಳ್ಳೆಯದು. 5600ರಲ್ಲಿ ಪ್ರಾಸೆಸರ್ ಒಳಗಿನ ವೇಗದ ಮೆಮೊರಿಯಾದ ಎಲ್3 ಕ್ಯಾಶ್ 32 ಎಂಬಿ, 5600ಜಿಯಲ್ಲಿ ಅದರ ಅರ್ಧ. ಹೊಸ ಆಟಗಳಿಗೆ 8 ಜಿಬಿಗಿಂತ ಕಡಿಮೆ ಮೆಮೊರಿಯ ಕಾರ್ಡನ್ನು ಇಂದು ಕೊಳ್ಳಬಾರದು. ವಿದ್ಯುತ್ ಲೆಕ್ಕವೂ ಸರಳ: ಸ್ಲಾಟ್‌ನಿಂದ ಗರಿಷ್ಠ 75 ವ್ಯಾಟ್, ಎಂಟು ಪಿನ್‌ನ ಕೇಬಲಿನಿಂದ 150. 132 ವ್ಯಾಟ್‌ನ ಆರ್‌ಎಕ್ಸ್ 6600ಕ್ಕೆ ಒಂದು ಎಂಟು ಪಿನ್ ಕೇಬಲ್ ಸಾಕು.

ಬಳಸಿದ ಭಾಗಗಳಲ್ಲಿ ಕಡಿಮೆ ಅಪಾಯದ್ದು ಪ್ರಾಸೆಸರ್, ಅದು ತಾನಾಗಿ ಕೆಡುವುದು ಅಪರೂಪ. ಎಎಂ4ನಲ್ಲಿ ಪಿನ್‌ಗಳು ಪ್ರಾಸೆಸರ್‌ನ ಕೆಳಗೇ ಇರುತ್ತವೆ. ಕೊಳ್ಳುವ ಮೊದಲು ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬೆಳಕಿನ ಕಡೆಗೆ ನಿಧಾನವಾಗಿ ತಿರುಗಿಸಿದರೆ, ಪಿನ್‌ಗಳ ಸಾಲುಗಳ ನಡುವೆ ನೆಟ್ಟನೆಯ ಓಣಿಗಳು ಒಂದಾದ ಮೇಲೊಂದು ತೆರೆದುಕೊಳ್ಳುತ್ತವೆ. ಯಾವ ಓಣಿಯಲ್ಲಿ ಬೆಳಕು ತಡೆಯುತ್ತದೋ ಅಲ್ಲಿ ಪಿನ್ ಬಾಗಿದೆ. ಸ್ವಲ್ಪ ಬಾಗಿದ್ದರೆ ಸೀಸ ತೆಗೆದ ಕ್ಲಚ್ ಪೆನ್ಸಿಲ್‌ನ ತುದಿಯನ್ನು ಪಿನ್ನಿಗೆ ತೊಡಿಸಿ ಮೆಲ್ಲಗೆ ನೆಟ್ಟಗೆ ಮಾಡಬಹುದು. ಎಲ್‌ಜಿಎ1700ರಲ್ಲಿ ಪಿನ್‌ಗಳು ಬೋರ್ಡಿನ ಸಾಕೆಟ್‌ನಲ್ಲಿರುವುದರಿಂದ ಬೋರ್ಡನ್ನು ಹೀಗೆ ಪರೀಕ್ಷಿಸಬೇಕು, ಅಲ್ಲಿ ಬಾಗಿದ್ದನ್ನು ಸರಿಪಡಿಸುವುದು ಬಹಳ ಕಷ್ಟ. ಬಳಸಿದ ಪವರ್ ಸಪ್ಲೈ ಮಾತ್ರ ಬೇಡ. ತೀರಾ ಹಳೆಯ ಯಂತ್ರಗಳನ್ನು ಕೊಳ್ಳುವವರು ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ಮುಗಿದಿರುವುದನ್ನೂ, ವಿಂಡೋಸ್ 11 ಸಾಮಾನ್ಯವಾಗಿ ಇಂಟೆಲ್ 8ನೇ ತಲೆಮಾರು ಅಥವಾ ರೈಝೆನ್ 2000 ಸರಣಿಯಿಂದ ಮೇಲಿನದನ್ನೂ ಟಿಪಿಎಂ 2.0 ಎಂಬ ಭದ್ರತಾ ಘಟಕವನ್ನೂ ಕೇಳುವುದನ್ನೂ ಗಮನದಲ್ಲಿಡಬೇಕು. ಲಿನಕ್ಸ್ ಬಳಸುವವರಿಗೆ ಈ ತಡೆಯಿಲ್ಲ.

ಕ್ಯಾಬಿನೆಟ್‌ಗೆ ಮುಂಭಾಗದಲ್ಲಿ ಜಾಲರಿ ಇರಲಿ, ಗಾಜಲ್ಲ. ಗಾಳಿ ಒಳಗೆ ಬರಲು ಮುಂದೆ ಒಂದು, ಹೊರಹೋಗಲು ಹಿಂದೆ ಒಂದು 120 ಮಿಲಿಮೀಟರ್ ಫ್ಯಾನ್ ಇದ್ದರೆ ಇಂಥ ಯಂತ್ರಕ್ಕೆ ಸಾಕು. 5600ಜಿ, ಐ3-12100ಗಳಂಥ ಪ್ರಾಸೆಸರ್‌ಗಳ ಪೆಟ್ಟಿಗೆಯಲ್ಲಿ ಬರುವ ಕೂಲರ್ ಅವಕ್ಕೆ ಸಾಕಾಗುತ್ತದೆ. ಇಂಟೆಲ್‌ನ ಕೆ ಮಾದರಿಗಳ ಜೊತೆ ಕೂಲರ್ ಬರುವುದಿಲ್ಲ.

ಭಾಗಗಳೆಲ್ಲ ಬಂದ ಮೇಲೆ ಕ್ಯಾಬಿನೆಟ್ ಒಳಗೆ ಕೂರಿಸುವ ಮೊದಲು ಮದರ್‌ಬೋರ್ಡನ್ನು ಅದರ ರಟ್ಟಿನ ಪೆಟ್ಟಿಗೆಯ ಮೇಲೆಯೇ ಇಟ್ಟು ಪ್ರಾಸೆಸರ್, ಕೂಲರ್, ರ‍್ಯಾಮ್, ಸಪ್ಲೈ ಇಷ್ಟನ್ನೇ ಜೋಡಿಸಿ ಒಮ್ಮೆ ಚಾಲೂ ಮಾಡಿ ನೋಡಿ, ಗ್ರಾಫಿಕ್ಸ್ ಪ್ರಾಸೆಸರ್‌ನಲ್ಲಿಲ್ಲದಿದ್ದರೆ ಕಾರ್ಡನ್ನೂ ಸೇರಿಸಿ; ತೊಂದರೆ ಇದ್ದರೆ ಇಲ್ಲಿಯೇ ತಿಳಿಯುತ್ತದೆ. ನಾಲ್ಕು ಸ್ಲಾಟ್‌ಗಳ ಬೋರ್ಡಿನಲ್ಲಿ ಎರಡು ರ‍್ಯಾಮ್ ಪಟ್ಟಿಗಳು ಸಾಮಾನ್ಯವಾಗಿ ಪ್ರಾಸೆಸರ್‌ನಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹೋಗಬೇಕು. ಪಕ್ಕಪಕ್ಕದಲ್ಲಿ ಹಾಕಿದರೆ ಎರಡೂ ಒಂದೇ ಚಾನೆಲ್‌ಗೆ ಸೇರಿ, ಮೇಲೆ ಹೇಳಿದ 51.2 ಜಿಬಿಯ ಲಾಭ ಕೈತಪ್ಪುತ್ತದೆ. ಪೆಟ್ಟಿಗೆಯ ಮೇಲೆ 3200 ಎಂದಿದ್ದರೂ ಹಲವು ಪಟ್ಟಿಗಳು ಮೊದಲ ಬಾರಿ 2133 ಅಥವಾ 2666ರಲ್ಲೇ ಓಡುತ್ತವೆ. ಬಯೋಸ್ ಒಳಗೆ ಹೋಗಿ ಎಕ್ಸ್‌ಎಂಪಿ, ಎಎಂಡಿಯ ಡಿಡಿಆರ್5 ಬೋರ್ಡುಗಳಲ್ಲಿ ಎಕ್ಸ್‌ಪೋ, ಎಂಬ ಆಯ್ಕೆಯನ್ನು ತೆರೆದ ಮೇಲೆಯೇ ಪೂರ್ಣ ವೇಗ ಬರುತ್ತದೆ. ಕಾರ್ಡ್ ಇದ್ದರೆ ಮಾನಿಟರ್‌ನ ಕೇಬಲ್ ಕಾರ್ಡಿಗೇ ಸೇರಬೇಕು, ಬೋರ್ಡಿನ ಹಿಂಬದಿಯ ಕಿಂಡಿಗಲ್ಲ. ವಿಂಡೋಸ್ ಬಂದ ಮೇಲೆ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ವೇಗವೆಷ್ಟು, ಎಷ್ಟು ಸ್ಲಾಟ್ ಬಳಕೆಯಲ್ಲಿವೆ ಎಂಬುದು ಕಾಣುತ್ತದೆ. ಅಂದು ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ನಡೆಸಲು ಬಿಟ್ಟು, ಬೆಳಿಗ್ಗೆ ಪರದೆಯಲ್ಲಿ ಒಂದೇ ಒಂದು ದೋಷ ಕಂಡರೂ ಬಯೋಸ್‌ನಲ್ಲಿ ವೇಗವನ್ನು ಮೊದಲಿನಂತೆ ಇಳಿಸಿ ಇನ್ನೊಮ್ಮೆ ನಡೆಸಿ; ಆಗಲೂ ದೋಷ ಉಳಿದರೆ, ಮರಳಿಸುವ ಅವಧಿ ಮುಗಿಯುವ ಮೊದಲು ಆ ಪಟ್ಟಿಗಳನ್ನು ಬದಲಿಸಿಕೊಳ್ಳಿ.